ಕಿಲ್ಲಿಫಿಶ್ ಮೊಟ್ಟೆ ಮೂರು ತಿಂಗಳಾದರೂ ಒಡೆಯಲಿಲ್ಲ, ಎಸೆಯಲಾ?

ಪ್ರಶ್ನೆ: ಸರ್, ನಮ್ಮದು ಬದಿಯಡ್ಕದ ಹತ್ತಿರ ಹಂಚಿನ ಮನೆ. ಫೆಬ್ರವರಿ ಕೊನೆಗೆ ಕೋಯಿಕ್ಕೋಡಿನ ಒಬ್ಬರಿಂದ ನೋಥೋಬ್ರಾಂಕಿಯಸ್ ಗುಂಥೇರಿ ಅನ್ನುವ ಕಿಲ್ಲಿಫಿಶ್ ಜಾತಿಯ ಮೊಟ್ಟೆ ತರಿಸಿದ್ದೆ. ಕೋಕೋಪೀಟ್ ತುಂಬಿದ ಜಿಪ್ ಕವರ್. ಮೇಲೆ 'ಫೆ. 10, 50 ಮೊಟ್ಟೆ, 3 ತಿಂಗಳು' ಅಂತ ಬರೆದಿತ್ತು. ಫ್ರಿಜ್ಜಿನಲ್ಲಿಟ್ಟರೆ ಕೆಡುವುದಿಲ್ಲ ಅಂತ ಗೆಳೆಯ ಹೇಳಿದ, 8 ದಿನ ಇಟ್ಟೆ. ಅಮ್ಮ ಬೈದ ಮೇಲೆ ತೆಗೆದು ಅಟ್ಟದಲ್ಲಿಟ್ಟೆ. ಮೇ 12ಕ್ಕೆ ಪಾತ್ರೆಗೆ ಹಾಕಿ ಮೇಲಿನ ಟ್ಯಾಂಕಿನ ನೀರು ಹೊಯ್ದೆ. ಮರುದಿನ 4 ಮರಿ ಇದ್ದವು. 3 ಮರಿ ಮೇಲೆ ಬರದೆ ತಳದಲ್ಲೇ ಹೊಟ್ಟೆ ಎಳೆದುಕೊಂಡು ಹೋಗುತ್ತಿದ್ದವು, ವಾರದೊಳಗೆ ಸತ್ತವು. ಒಂದು ಚೆನ್ನಾಗಿದೆ. ಪೀಟನ್ನು ಹಿಂಡಿ ಅದೇ ಕವರಿಗೆ ತುಂಬಿಟ್ಟಿದ್ದೆ. ಈಗ ಜೂನ್. ಒಂದು ಮೂಲೆಯಲ್ಲಿ ಹತ್ತಿಯ ಹಾಗೆ ಬಿಳಿ ಬೂಸ್ಟು ಬಂದಿದೆ, ವಾಸನೆಯೂ ಇದೆ. ಆದರೆ ಕೆಲವು ಮೊಟ್ಟೆ ಇನ್ನೂ ಗಾಜಿನ ಹಾಗೆ ಇವೆ. ಎಸೆಯಲಾ, ಇಡಲಾ? ಬೂಸ್ಟಿಗೆ ಹಾಕುವ ನೀಲಿ ಮದ್ದು ಮೆಥಿಲೀನ್ ಬ್ಲೂ ಹಾಕಲಾ? ಕೋಕೋಪೀಟೇ ತಪ್ಪಾಯಿತಾ? ಮರಿಗಳು ಯಾಕೆ ಹಾಗಾದವು?

ಉತ್ತರ: ಎಸೆಯಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಇದನ್ನು ಓದಿ ಮುಗಿಸುವಷ್ಟರಲ್ಲಿ ಅಮ್ಮ ಆ ಕವರನ್ನು ತೆಂಗಿನ ಬುಡಕ್ಕೆ ಸುರಿದಿರುತ್ತಾರೆ. ಗಾಜಿನ ಹಾಗೆ ಕಾಣುವ ಮೊಟ್ಟೆ ಸತ್ತಿಲ್ಲ. ಸತ್ತ ಮೊಟ್ಟೆ ಒಂದೆರಡು ದಿನದಲ್ಲೇ ಬಿಳಿಯಾಗುತ್ತದೆ, ಆಮೇಲೆ ಬೂಸ್ಟು ಹಿಡಿಯುತ್ತದೆ. ಫೆಬ್ರವರಿಯಲ್ಲಿ ಇಟ್ಟ ಮೊಟ್ಟೆ ಜೂನಿನಲ್ಲೂ ತಿಳಿಯಾಗಿದೆ ಅಂದರೆ ಒಳಗೆ ಜೀವ ಇದೆ, ಮಲಗಿದೆ ಅಷ್ಟೇ.

ನಿಮ್ಮ ಪತ್ರ ಓದಿದಾಗ ನನಗೆ ಅನ್ನಿಸಿದ್ದು: ಆ ಒಂದೇ ಕವರಿನಲ್ಲಿ ಈಗ ಎರಡು ಗುಂಪು ಇದೆ. ಒಂದು ಗುಂಪು ಅಟ್ಟದ ಬಿಸಿಗೆ ಬೇಗ ಬೆಳೆದು, ನೀರಿಗಾಗಿ ಕಾದು ಕಾದು ಸುಸ್ತಾಯಿತು. ಇನ್ನೊಂದು ಗುಂಪು ಫ್ರಿಜ್ಜಿನ ಚಳಿಗೆ ನಿಂತಲ್ಲೇ ನಿಂತಿತು. ನೀವು ನೋಡಿದ್ದು ತಾರೀಕು. ಆ ತಾರೀಕು ಬರೆದವರು ತಮ್ಮ ಮನೆಯ ಹವೆಗೆ ಬರೆದಿದ್ದಾರೆ, ನಿಮ್ಮ ಅಟ್ಟದ ಹವೆಗೆ ಅಲ್ಲ.

ಯಾಕೆ ಹೀಗೆ ಅಂತ ಅರ್ಥ ಆಗಬೇಕಾದರೆ ಈ ಮೀನಿನ ಊರಿಗೆ ಹೋಗಬೇಕು. ಗುಂಥೇರಿ ಆಫ್ರಿಕಾದ ಪೂರ್ವ ಕರಾವಳಿಯ ಜಾಂಜಿಬಾರ್ ದ್ವೀಪದ್ದು. ನಮ್ಮ ಪದವಿನ ಮೇಲೆ ಮಳೆಗಾಲದಲ್ಲಿ ಮುರಕಲ್ಲಿನ ತಗ್ಗಿನಲ್ಲಿ ನೀರು ನಿಲ್ಲುತ್ತದಲ್ಲ, ಜನವರಿ ಹೊತ್ತಿಗೆ ಒಣಗಿ ಬಿರಿಯುತ್ತದಲ್ಲ, ಅಂಥ ಹೊಂಡಗಳಲ್ಲಿ ಇದರ ಸಂಸಾರ. ಹೊಂಡ ಒಣಗಿದಾಗ ದೊಡ್ಡ ಮೀನುಗಳೆಲ್ಲ ಸಾಯುತ್ತವೆ, ಒಂದೂ ಉಳಿಯುವುದಿಲ್ಲ. ಕೆಸರಿನೊಳಗೆ ಇಟ್ಟ ಮೊಟ್ಟೆ ಮಾತ್ರ ಮುಂದಿನ ಮಳೆಯ ತನಕ ಬದುಕಿರುತ್ತದೆ. ಇಂಥ ವರ್ಷಾವಧಿ ಮೀನುಗಳು ಇರುವುದು ಮುಖ್ಯವಾಗಿ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕ ಖಂಡಗಳಲ್ಲಿ. ನಮ್ಮ ಪದವಿನ ಹೊಂಡದಲ್ಲಿ ಇಲ್ಲ, ಹುಡುಕಲು ಹೋಗಬೇಡಿ. (ಕಿಲ್ಲಿಫಿಶ್ ಅನ್ನುವ ಹೆಸರು ಕೇಳಿ ಹೆದರುವವರಿಗೆ ಒಂದು ಮಾತು: ಇದು ಕೊಲ್ಲುವ ಮೀನಲ್ಲ. ಡಚ್ ಭಾಷೆಯಲ್ಲಿ 'ಕಿಲ್' ಅಂದರೆ ತೋಡು.)

ಪತ್ತನಾಜೆಗೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ಹೊತ್ತಿಗೆ) ಹತ್ತು ಹನಿ ಬೀಳಬೇಕು ಅಂತ ನಮ್ಮಲ್ಲಿ ಮಾತಿದೆ. ಹತ್ತು ಹನಿ ಬಿತ್ತು ಅಂತ ಮರುದಿನವೇ ಯಾರಾದರೂ ಭತ್ತದ ನೇಜಿ ನೆಡುತ್ತಾರಾ? ಈ ಮೊಟ್ಟೆಗಳ ಲೆಕ್ಕವೂ ಅದೇ. ಮೊದಲ ಮಳೆಗೆ ಎಲ್ಲವೂ ಒಡೆದು, ಆಮೇಲೆ ಹದಿನೈದು ದಿನ ಬಿಸಿಲು ಹೊಡೆದರೆ ವಂಶವೇ ಮುಗಿಯಿತು. ಅದಕ್ಕೆ ಒಂದೇ ತಾಯಿ ಒಂದೇ ದಿನ ಇಟ್ಟ ಮೊಟ್ಟೆಗಳೂ ಬೇರೆ ಬೇರೆ ಹೊತ್ತಿಗೆ ಏಳುತ್ತವೆ. 1972ರಲ್ಲಿ ವೂರ್ಮ್ಸ್ ಎಂಬ ವಿಜ್ಞಾನಿ ಇದನ್ನು ವಿವರವಾಗಿ ಬರೆದರು. ಮೊಟ್ಟೆ ಮೂರು ಕಡೆ ನಿಲ್ಲಬಹುದು. ತೀರಾ ಶುರುವಿನಲ್ಲಿ, ಒಳಗೆ ಬರೀ ಜೀವಕೋಶಗಳು ಚದುರಿರುವಾಗ, ಒಂದು ಸಲ. ಮೈ ಅರ್ಧ ರೂಪ ಪಡೆದಾಗ ಇನ್ನೊಂದು ಸಲ. ಪೂರ್ತಿ ಬೆಳೆದು, ಒಡೆಯಲು ನೀರಿಗಾಗಿ ಕಾಯುವಾಗ ಮೂರನೇ ಸಲ. ನಿಲ್ಲಲೇಬೇಕು ಅಂತೇನಿಲ್ಲ. ಚಳಿ ಇದ್ದರೆ, ಗಾಳಿ ಕಡಿಮೆಯಾದರೆ ನಿಲ್ಲುತ್ತವೆ. ಬೆಚ್ಚಗಿದ್ದರೆ ನಡುವಿನ ನಿಲ್ದಾಣ ಬಿಟ್ಟು ಸೀದಾ ಹೋಗುತ್ತವೆ.

ಮುದಿತನದ ಬಗ್ಗೆ ಸಂಶೋಧನೆ ಮಾಡುವ ಪ್ರಯೋಗಾಲಯಗಳಲ್ಲಿ ಇದರ ಅಣ್ಣತಮ್ಮ ಫರ್ಜೆರಿಯನ್ನು ಸಾಕುತ್ತಾರೆ. ಅದು ಜಿಂಬಾಬ್ವೆಯಲ್ಲಿ ಸಿಕ್ಕಿದ ಮೀನು, ಕೆಲವೇ ತಿಂಗಳು ಬದುಕುತ್ತದೆ. ಅಲ್ಲಿ ಮೊಟ್ಟೆಯನ್ನು 28 ಡಿಗ್ರಿಯಲ್ಲಿಟ್ಟರೆ ಸುಮಾರು ಮೂರು ವಾರದಲ್ಲೇ ಹಲವು ಮೊಟ್ಟೆಗಳು ಒಡೆಯಲು ತಯಾರಾಗುತ್ತವೆ. ನಿಮ್ಮ ಗುಂಥೇರಿಗೆ 24 ಡಿಗ್ರಿ ಆಸುಪಾಸಿನಲ್ಲಿ ಮೂರು ತಿಂಗಳು ಸರಿ. ಆದರೆ ಮಾರ್ಚ್, ಏಪ್ರಿಲಿನಲ್ಲಿ ಬದಿಯಡ್ಕದ ಹಂಚಿನ ಮನೆಯ ಅಟ್ಟ! ಮಧ್ಯಾಹ್ನ ಅಲ್ಲಿ ಕೈ ಇಟ್ಟು ನೋಡಿದ್ದೀರಾ? ಆ ಬಿಸಿಗೆ ಕೆಲವು ಮೊಟ್ಟೆ ಸತ್ತಿರುತ್ತವೆ. ಉಳಿದವು ಏಪ್ರಿಲಿನಲ್ಲೇ ತಯಾರಾಗಿ ಕೂತಿದ್ದವು ಅಂತ ನನ್ನ ಲೆಕ್ಕ. ತಯಾರಾದ ಮರಿಗೆ ಮೊಟ್ಟೆಯೊಳಗೆ ಇರುವ ಬುತ್ತಿ ಇಷ್ಟೇ ಅಂತ ಇರುತ್ತದೆ. ಬಿಸಿಯಲ್ಲಿ ಅದು ಬೇಗ ಖಾಲಿಯಾಗುತ್ತದೆ. ಮೇ 12ಕ್ಕೆ ನೀರು ಬಂದಾಗ ಹೊರಗೆ ಬರುವಷ್ಟು ಶಕ್ತಿ ಇತ್ತು, ಮೇಲೆದ್ದು ಬಂದು, ತೇಲಲು ಬೇಕಾದ ಗಾಳಿಚೀಲ ತುಂಬಿಸಿಕೊಳ್ಳುವಷ್ಟು ಇರಲಿಲ್ಲ. ಹೊಟ್ಟೆ ಎಳೆಯುವ ಮರಿ ಆಗುವುದು ಹೀಗೆ. ತೀರಾ ಬೇಗ ನೀರು ಹಾಕಿದರೂ ಆಗುತ್ತದೆ, ತೀರಾ ತಡ ಮಾಡಿದರೂ ಆಗುತ್ತದೆ, ನೀರಿನ ಆಳ ಜಾಸ್ತಿಯಾದರೂ ಆಗುತ್ತದೆ. ಒಮ್ಮೆ ಆದ ಮೇಲೆ ಅದಕ್ಕೆ ಮದ್ದಿಲ್ಲ. ನೀವು ಸಾಕಿದ ರೀತಿಯಿಂದ ಸತ್ತವು ಅಂತ ಬೇಜಾರು ಮಾಡಬೇಡಿ, ಅವು ಹುಟ್ಟುವಾಗಲೇ ಸೋತಿದ್ದವು.

ಫ್ರಿಜ್ಜಿನ ಮಾತು. ಇದು ತರಕಾರಿ ಬೀಜದ ಬುದ್ಧಿಯನ್ನು ಮೀನಿಗೆ ಹಚ್ಚಿದ್ದು. ತಂಪಾಗಿಟ್ಟರೆ ಮೊಟ್ಟೆ ನಿಧಾನ ಬೆಳೆಯುತ್ತದೆ ಅನ್ನುವುದು ನಿಜ, ಆದರೆ ಇಲ್ಲಿ ತಂಪು ಅಂದರೆ 18, 20 ಡಿಗ್ರಿ. ಫ್ರಿಜ್ಜಿನ 4, 5 ಡಿಗ್ರಿ ಉಷ್ಣದೇಶದ ಮೀನಿಗೆ ತಂಪಲ್ಲ, ಪೆಟ್ಟು. ಎಂಟು ದಿನದಲ್ಲಿ ಎಲ್ಲವೂ ಸಾಯದೆ ಇದ್ದದ್ದು ನಿಮ್ಮ ಪುಣ್ಯ. ಅಮ್ಮ ಬೈದದ್ದು ಒಳ್ಳೆಯದೇ ಆಯಿತು.

ಕೋಕೋಪೀಟ್ ತಪ್ಪಲ್ಲ. ನಾನು ಹೇಳಿದ ಪ್ರಯೋಗಾಲಯಗಳಲ್ಲೂ ಮೊಟ್ಟೆ ಇಡುವುದು ತೆಂಗಿನ ನಾರಿನ ಪುಡಿಯ ಮೇಲೆಯೇ. ಹಳೆಯ ಹವ್ಯಾಸಿಗಳು ಪೀಟ್ ಮಾಸೇ ಬೇಕು ಅನ್ನುತ್ತಾರೆ. ಅದು ಹೊರದೇಶದ ಜೌಗು ನೆಲದ ಪಾಚಿ, ಹುಳಿ ಗುಣ ಇರುವುದರಿಂದ ಬೂಸ್ಟು ಕಡಿಮೆ. ಸಿಕ್ಕಿದರೆ ಒಳ್ಳೆಯದು, ಆದರೆ ತೆಂಗಿನ ಊರಿನಲ್ಲಿ ಕೂತು ಅದಕ್ಕೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಎರಡು ವಿಷಯ ಮಾತ್ರ ನೋಡಬೇಕು. ಒಂದು ಉಪ್ಪು. ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕುವ ಕಡೆಯಿಂದ ಬಂದ ಪುಡಿಯಲ್ಲಿ ಉಪ್ಪು ಕೂತಿರುತ್ತದೆ. ನಾನು ಕೆಲಸ ಶುರು ಮಾಡಿದ ಕಾಲದಲ್ಲಿ ತೊಳೆಯದೆ ಹಾಗೇ ಬಳಸಿ ಇನ್ನೂರಕ್ಕೂ ಮೇಲೆ ಮೊಟ್ಟೆ ಕಳೆದುಕೊಂಡಿದ್ದೇನೆ. ಮೂರು ದಿನದಲ್ಲಿ ಎಲ್ಲವೂ ಬಾಡಿದ ದ್ರಾಕ್ಷಿಯ ಹಾಗೆ ಸುಕ್ಕಾಗಿದ್ದವು. ಈಗ ಐದಾರು ಸಲ ತೊಳೆದು, ಇಪ್ಪತ್ತು ನಿಮಿಷ ಕುದಿಸಿ, ಆರಿಸಿ, ಮತ್ತೆ ತೊಳೆಯುತ್ತೇನೆ. ಚಹಾದ ಬಣ್ಣದ ನೀರು ತೆಳುವಾಗಿ ಬರುವ ತನಕ. ಎರಡನೆಯದು ಗೊಬ್ಬರ. ನರ್ಸರಿಯಲ್ಲಿ 'ಕಾಂಪೋಸ್ಟ್' ಅಂತ ಕೊಡುವ ನಾರಿನ ಪುಡಿಗೆ ಯೂರಿಯಾ ಅಥವಾ ಕೋಳಿ ಗೊಬ್ಬರ ಸೇರಿಸಿ ಕೊಳೆಸಿರುತ್ತಾರೆ. ಬಸಳೆಗೆ ಅದು ಅಮೃತ, ಮೊಟ್ಟೆಗೆ ವಿಷ.

ಈಗ ನಿಮ್ಮ ಬೂಸ್ಟು. ಪೀಟಿನ ಮೇಲೆ ಬಂದ ಬಿಳಿ ಹತ್ತಿ ಸತ್ತ ಮೊಟ್ಟೆಯ ಮೇಲೆ, ಉಳಿದ ಆಹಾರದ ಚೂರಿನ ಮೇಲೆ ಬೆಳೆಯುತ್ತದೆ. ಜೀವ ಇರುವ ಮೊಟ್ಟೆಯ ಚಿಪ್ಪು ಗಟ್ಟಿ, ಅದನ್ನು ಅಷ್ಟು ಸುಲಭವಾಗಿ ಕೊರೆಯಲು ಆಗುವುದಿಲ್ಲ. ನನಗೆ ಚಿಂತೆ ಆದದ್ದು ವಾಸನೆಯ ಮಾತು ಓದಿ. ಮೊದಲ ಮಳೆ ಬಿದ್ದ ತೋಟದ ವಾಸನೆ ಇದ್ದರೆ ಸರಿ. ಕೊಳೆತ ಕೋಳಿಮೊಟ್ಟೆಯ ವಾಸನೆ ಇದ್ದರೆ ನೀರು ಜಾಸ್ತಿಯಾಗಿ ಒಳಗೆ ಗಾಳಿ ಆಡುತ್ತಿಲ್ಲ ಅಂತ ಅರ್ಥ. ನಿಮಗೆ ಗೊತ್ತಾಗದಿದ್ದರೆ ಅಮ್ಮನ ಮೂಗಿಗೆ ಕೊಡಿ, ಅವರು ಸರಿಯಾಗಿ ಹೇಳುತ್ತಾರೆ. ಮೆಥಿಲೀನ್ ಬ್ಲೂ ಪೀಟಿಗೆ ಹಾಕಬೇಡಿ. ಅದು ನೀರಿನಲ್ಲೇ ಮೊಟ್ಟೆ ಬೆಳೆದು ಒಡೆಯುವ ಮೀನುಗಳಿಗೆ ಆಗುತ್ತದೆ. ಪೀಟಿಗೆ ಹಾಕಿದರೆ ಒದ್ದೆ ಇನ್ನೂ ಜಾಸ್ತಿಯಾಗುತ್ತದೆ, ಲಾಭ ಇಲ್ಲ.

ಇವತ್ತೇ ಮಾಡಬೇಕಾದದ್ದು ಇಷ್ಟು. ಕವರ್ ಬಿಚ್ಚಿ, ಪೀಟನ್ನು ಹಳೆಯ ಪೇಪರಿನ ಮೇಲೆ ಸಡಿಲವಾಗಿ ಹರಡಿ. ಬೂಸ್ಟಿನ ಮುದ್ದೆಯನ್ನು ಹಾಗೇ ಎತ್ತಿ ಬಿಸಾಡಿ. ಒಳಗಿನ ಕೋಣೆಯಲ್ಲಿ, ಫ್ಯಾನ್ ನಿಧಾನಕ್ಕೆ ತಿರುಗುತ್ತಿರಲಿ. ಈ ತಿಂಗಳ ಹವೆಯಲ್ಲಿ ಅದು ಬೇಗ ಒಣಗುವುದಿಲ್ಲ ಅಂತ ಒಲೆಯ ಮೇಲಿನ ಅಟ್ಟಕ್ಕೆ ಹಾಕಬೇಡಿ. ಬಿಸಿಲು ಬಂದ ದಿನ ಅಂಗಳದಲ್ಲಿ ಅಡಿಕೆಯ ಜೊತೆ ಹರಡಲೂ ಬೇಡಿ. ಗಂಟೆಗೊಮ್ಮೆ ಬೆರಳಾಡಿಸಿ ನೋಡಿ. ಒದ್ದೆ ಎಷ್ಟಿರಬೇಕು ಅಂದರೆ, ಹಾಲು ಹಿಂಡಿ ತೆಗೆದ ಕಾಯಿತುರಿ ಇರುತ್ತದಲ್ಲ, ಅಷ್ಟು. ಮುಷ್ಟಿಯಲ್ಲಿ ಒತ್ತಿದರೆ ಹನಿ ಬರಬಾರದು, ಬಿಟ್ಟಾಗ ಉದುರಬೇಕು, ಅಂಗೈಗೆ ಮಾತ್ರ ತಂಪು ಗೊತ್ತಾಗಬೇಕು. ಇದಕ್ಕಿಂತ ಒಣಗಿದರೆ ಮೊಟ್ಟೆ ಗುಳಿಬಿದ್ದು ಹಾಳಾಗುತ್ತದೆ. ಎರಡು ತಪ್ಪಿನಲ್ಲಿ ಯಾವುದು ಕಡಿಮೆ ಅಂತ ಕೇಳಿದರೆ, ನಮ್ಮ ಊರಿನಲ್ಲಿ ಸ್ವಲ್ಪ ಒಣಗಿದ ಕಡೆಗೇ ಇರಲಿ ಅನ್ನುತ್ತೇನೆ. ಮಳೆಗಾಲದಲ್ಲಿ ಒದ್ದೆಯಿಂದ ಹಾಳಾದ ಕವರುಗಳೇ ನನ್ನ ಹತ್ತಿರ ಜಾಸ್ತಿ ಬಂದಿವೆ.

ಹರಡಿದಾಗಲೇ ಮೊಟ್ಟೆ ನೋಡಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಒಂದು ತನ್ನಿ. ಈ ಹವ್ಯಾಸಕ್ಕೆ ಅದು ಟ್ಯಾಂಕಿಗಿಂತ ಮುಖ್ಯ. ಒಂದು ಚಿಟಿಕೆ ಪೀಟನ್ನು ಬಿಳಿ ಪಿಂಗಾಣಿ ತಟ್ಟೆಗೆ ಹಾಕಿ, ತಟ್ಟೆಯನ್ನು ಓರೆ ಮಾಡಿ ಮೆಲ್ಲ ತಟ್ಟಿ. ಪೀಟ್ ಅಲ್ಲೇ ಕೂರುತ್ತದೆ, ಮೊಟ್ಟೆ ಉರುಳಿ ಬರುತ್ತದೆ. ರಾಗಿ ಕಾಳಿಗಿಂತ ಚೂರು ಸಣ್ಣದು. ಪಕ್ಕದಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಬೆರಳಿನಿಂದ ಮೆಲ್ಲ ಒತ್ತಿದರೆ ಒಳ್ಳೆಯ ಮೊಟ್ಟೆ ಮಣಿಯ ಹಾಗೆ ಗಟ್ಟಿ ಇರುತ್ತದೆ, ಹೆದರಬೇಡಿ, ಒಡೆಯುವುದಿಲ್ಲ. ಒಳಗೆ ಏನೂ ಕಾಣದೆ ತಿಳಿಯಾಗಿದ್ದರೆ ಅದು ಶುರುವಿನಲ್ಲೋ ನಡುವಿನಲ್ಲೋ ನಿಂತಿದೆ. ಎರಡು ಕಪ್ಪು ಚುಕ್ಕೆ ಕಂಡರೆ ಕಣ್ಣು ಬಂದಿದೆ. ಆ ಕಪ್ಪು ಕಣ್ಣಿನ ಸುತ್ತ ಮೂಗುತಿಯ ಅಂಚಿನ ಹಾಗೆ ಬಂಗಾರದ ಉಂಗುರ ಹೊಳೆದರೆ, ಮೈ ಮೊಟ್ಟೆಯ ಸುತ್ತ ಪೂರ್ತಿ ಬಳಸಿದ್ದರೆ, ಮರಿ ತಯಾರು. ಮೊದಲ ಸಲ ಆ ಕಣ್ಣು ನಿಮ್ಮ ಬೆಳಕಿಗೆ ತಿರುಗಿದ್ದು ಕಂಡಾಗ ಕವರಿನ ಮೇಲಿನ ತಾರೀಕು ತಾನಾಗಿ ಮರೆತುಹೋಗುತ್ತದೆ.

ಆಮೇಲೆ ನಿಮ್ಮ ಮುಂದೆ ಎರಡು ದಾರಿ ಇವೆ.

ಉಂಗುರದ ಕಣ್ಣು ಹತ್ತರಲ್ಲಿ ಆರಕ್ಕೆ ಕಂಡರೆ ಈ ವಾರವೇ ನೀರು ಹಾಕಿ, ಕಾಯಬೇಡಿ. ಒಂದೆರಡಕ್ಕೆ ಮಾತ್ರ ಕಂಡರೆ ಅವನ್ನು ಚಮಚದಿಂದ ಬೇರೆ ಮಾಡಿ ಒಂದು ಲೋಟದಲ್ಲಿ ಒಡೆಸಿ. ಉಳಿದದ್ದು ಮತ್ತೆ ಹೊಸ ಕವರಿಗೆ, ಅರ್ಧ ಪೀಟ್, ಅರ್ಧ ಗಾಳಿ. ಕಪಾಟಿನ ಒಳಗಿಡಿ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಮನೆಗಳ ಒಳಕೋಣೆ ಸುಮಾರು 25ರಿಂದ 28 ಡಿಗ್ರಿ ಇರುತ್ತದೆ. ಇದಕ್ಕಿಂತ ಒಳ್ಳೆಯ ಇನ್‌ಕ್ಯುಬೇಟರ್ ನಿಮಗೆ ಬೇಡ. ಹತ್ತು ದಿನಕ್ಕೊಮ್ಮೆ ತೆಗೆದು ಗಾಳಿ ಬದಲಿಸಿ, ಐದಾರು ಮೊಟ್ಟೆಯ ಕಣ್ಣು ನೋಡಿ.

ಎರಡು ತಿಂಗಳಾದರೂ ತಿಳಿಯಾಗಿಯೇ ಇದ್ದರೆ ಎಬ್ಬಿಸಲು ಸ್ವಲ್ಪ ಬೆಚ್ಚಗೆ ಮಾಡಬಹುದು, 28ರಿಂದ 29, ಎರಡು ಮೂರು ವಾರ. ಕೆಲವರು ಇಂಟರ್ನೆಟ್ಟಿನ ಪೆಟ್ಟಿಗೆಯ ಮೇಲಿಡುತ್ತಾರೆ. ನಾನೂ ಇಟ್ಟಿದ್ದೇನೆ. ಒಂದು ಕವರ್ ಗೆದ್ದಿತು, ಇನ್ನೊಂದರ ತಳ ಒಣಗಿ ಪುಡಿಯಾಯಿತು. ಥರ್ಮಾಮೀಟರ್ ಇಲ್ಲದೆ ಆ ಕೆಲಸಕ್ಕೆ ಹೋಗಬೇಡಿ.

ನೀರು ಹಾಕುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನೀವು ಎಡವಿದ್ದು ಇಲ್ಲೂ ಇದೆ. ಮೇ ತಿಂಗಳಲ್ಲಿ ಬಿಸಿಲಿಗೆ ಕಾದ ಮೇಲಿನ ಟ್ಯಾಂಕಿನ ನೀರು ಮೊಟ್ಟೆಗೆ ಮಳೆಯ ಹಾಗೆ ಅನ್ನಿಸುವುದಿಲ್ಲ. ಮಳೆ ತಂಪು. ಬಾವಿಯದ್ದೋ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ್ದೋ ನೀರು ಆದೀತು. ನಮ್ಮ ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಮೃದು, ಸ್ವಲ್ಪ ಹುಳಿ ಗುಣದ್ದು, ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದನ್ನು ಬಾಟಲಿಯಲ್ಲಿ ತುಂಬಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ (ಫ್ರಿಜ್ಜಿಗೆ ಇಲ್ಲಿ ಕೆಲಸ ಇದೆ, ನೋಡಿ). 18, 20 ಡಿಗ್ರಿ ಸಾಕು. ಅಗಲದ ಐಸ್‌ಕ್ರೀಂ ಡಬ್ಬದಲ್ಲಿ ಪೀಟ್ ಹಾಕಿ, ಮೇಲೆ ನಾಲ್ಕೈದು ಸೆಂಟಿಮೀಟರ್ ನೀರು ನಿಲ್ಲುವಷ್ಟು ಹೊಯ್ಯಿರಿ. ಆಳ ಮಾಡಬೇಡಿ. ಹುಟ್ಟಿದ ಮರಿ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಳ್ಳಬೇಕು, ಆಳ ಜಾಸ್ತಿಯಾದರೆ ಅಲ್ಲಿಗೆ ಮುಟ್ಟುವುದಿಲ್ಲ. ಒಮ್ಮೆ ಕದಡಿ ಬಿಟ್ಟುಬಿಡಿ. ಸಂಜೆ ಹಾಕಿದರೆ ಬೆಳಿಗ್ಗೆಯೊಳಗೆ ಒಡೆಯುತ್ತವೆ. ಒಡೆಯದೆ ಹಠ ಮಾಡಿದರೆ ಒಂದು ಚಿಟಿಕೆ ಒಣ ಮೀನಿನ ಆಹಾರವನ್ನು ಪುಡಿ ಮಾಡಿ ಹಾಕಿ. ಅದು ಕೊಳೆಯುವಾಗ ನೀರಿನ ಆಮ್ಲಜನಕ ಇಳಿಯುತ್ತದೆ, ಉಸಿರು ಕಟ್ಟಿದಂತಾಗಿ ಮರಿ ಚಿಪ್ಪು ಒಡೆಯುತ್ತದೆ. ಆದರೆ ಅದೇ ನೀರಿನಲ್ಲಿ ಮರಿಯನ್ನು ಬಿಟ್ಟರೆ ಸಾಯುತ್ತದೆ. ಒಡೆದ ಕೂಡಲೇ ತೆಗೆಯಬೇಕು. ಮೂಲೆಯಲ್ಲಿ ಟಾರ್ಚ್ ಹಿಡಿದರೆ ಮರಿಗಳು ಬೆಳಕಿಗೆ ಬರುತ್ತವೆ. ಬಲೆ ಬೇಡ, ಚಮಚದಲ್ಲಿ ನೀರಿನ ಸಮೇತ ಎತ್ತಿ.

ಗುಂಥೇರಿ ಮರಿಗೆ ಮೊದಲ ದಿನವೇ ಆಗ ತಾನೇ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ತಿನ್ನುವಷ್ಟು ದೊಡ್ಡ ಬಾಯಿ ಇರುತ್ತದೆ. ಆರ್ಟೀಮಿಯಾ ಒಡೆಯಲು ಒಂದು ದಿನ ಬೇಕು, ಅದಕ್ಕೆ ಪೀಟಿಗೆ ನೀರು ಹಾಕುವ ದಿನವೇ ಅದನ್ನೂ ಉಪ್ಪುನೀರಿಗೆ ಹಾಕಿಬಿಡಿ. ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಬಂದರೆ ತಿಂದಿದೆ ಅಂತ ಲೆಕ್ಕ. ಈ ಜಾತಿಗೆ ಮೈಮೇಲೆ ಬಂಗಾರದ ಧೂಳು ಕೂತ ಹಾಗೆ ಕಾಣುವ ವೆಲ್ವೆಟ್ ರೋಗ ಬೇಗ ಹತ್ತುತ್ತದೆ, ಐದು ಲೀಟರಿಗೆ ಒಂದು ಸಣ್ಣ ಚಮಚ ಕಲ್ಲುಪ್ಪು ಹಾಕಿದರೆ ಬಹಳ ಮಟ್ಟಿಗೆ ತಡೆಯಬಹುದು. ಮರಿ ತೆಗೆದ ಪೀಟನ್ನು ಮತ್ತೆ ಹಿಂಡಿ, ಹದಕ್ಕೆ ತಂದು, ಮೂರು ವಾರ ಬಿಟ್ಟು ಇನ್ನೊಮ್ಮೆ ನೀರು ಹಾಕಿ. ಎರಡನೇ ಸಲವೂ ಮರಿ ಬರುವುದು ಮಾಮೂಲು.

ನೀವು ಪತ್ರದ ಜೊತೆ ಕಳಿಸಿದ ಫೋಟೋದಲ್ಲಿ ಇನ್ನೊಂದು ಕಂಡಿತು. ಹಿಂದೆ ಇಟ್ಟಿರುವ ಬಕೆಟಿನ ಅಂಚಿನಲ್ಲಿ ನೀಲಿ ಕಲೆ ಇದೆ. ಅಡಿಕೆಗೆ ಮದ್ದು ಬಿಡುವ ಬಕೆಟ್ ಅಲ್ವಾ ಅದು? ಮೈಲುತುತ್ತದ ತಾಮ್ರ ಮೀನಿನ ಮರಿಗೂ ಆರ್ಟೀಮಿಯಾಕ್ಕೂ ಸ್ವಲ್ಪವೇ ಸಾಕು. ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನ ಗೀರಿನಲ್ಲಿ ಉಳಿದಿರುತ್ತದೆ. ಮದ್ದು ಬಿಟ್ಟ ವಾರ ತೋಟದ ಕೆಳಗಿನ ಕೆರೆಯ ನೀರನ್ನೂ ತರಬೇಡಿ. ಮೀನಿನ ಬಕೆಟಿಗೆ ಕೆಂಪು ದಾರ ಕಟ್ಟಿ ಬೇರೆ ಇಡಿ, ಮನೆಯವರಿಗೂ ಹೇಳಿ.

ಇಷ್ಟೆಲ್ಲ ಕಾಯುವ ತಾಳ್ಮೆ ಇಲ್ಲ ಅನ್ನಿಸಿದರೆ ವರ್ಷಾವಧಿ ಅಲ್ಲದ ಕಿಲ್ಲಿಗಳಿವೆ. ಗಾರ್ಡ್ನೆರಿ ಇದೆ, ಪಶ್ಚಿಮ ಆಫ್ರಿಕಾದ್ದು. ಉಲ್ಲನ್ ನೂಲಿನ ಗೊಂಚಲು ಇಳಿಬಿಟ್ಟರೆ ಅದರಲ್ಲಿ ಮೊಟ್ಟೆ ಅಂಟಿಸುತ್ತದೆ. ಕೈಯಿಂದ ಬಿಡಿಸಿ ಸಣ್ಣ ಡಬ್ಬದ ನೀರಿನಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಮರಿ. ನೀವು ಕೇಳಿದ ಮೆಥಿಲೀನ್ ಬ್ಲೂ ಇಲ್ಲಿ ಉಪಯೋಗಕ್ಕೆ ಬರುತ್ತದೆ, ನೀರು ತೆಳು ನೀಲಿಯಾಗುವಷ್ಟು. ಬಿಳಿಯಾದ ಮೊಟ್ಟೆಯನ್ನು ದಿನಾ ಡ್ರಾಪರಿನಿಂದ ತೆಗೆಯುವುದು ಮಾತ್ರ ತಪ್ಪಬಾರದು, ಒಂದರಿಂದ ಪಕ್ಕದ್ದಕ್ಕೆ ಹಬ್ಬುತ್ತದೆ. ಇನ್ನೂ ಹತ್ತಿರದ್ದು ಬೇಕೆಂದರೆ ನಿಮ್ಮ ತೋಟದ ಕಣಿಯಲ್ಲೇ ಇದೆ. ತಲೆಯ ಮೇಲೆ ಬೆಳ್ಳಿ ಬೊಟ್ಟು ಹೊಳೆಯುವ, ನೀರಿನ ಮೇಲ್ಮೈಯಲ್ಲೇ ತೇಲುವ ಆ ಮೀನು. ಮಲಯಾಳದಲ್ಲಿ ಮಾನತ್ತುಕಣ್ಣಿ, ಆಕಾಶಕ್ಕೆ ಕಣ್ಣಿಟ್ಟವಳು ಅನ್ನುತ್ತಾರೆ. ಅದೂ ಕಿಲ್ಲಿಯೇ. ಸೊಳ್ಳೆ ಮರಿ ತಿನ್ನುತ್ತದೆ, ಗಿಡದ ಬೇರಿಗೆ ಮೊಟ್ಟೆ ಅಂಟಿಸುತ್ತದೆ, ಎರಡು ವಾರದೊಳಗೆ ಒಡೆಯುತ್ತದೆ. ಕೈ ಪಳಗಿಸಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಅದು ಬಿಟ್ಟು ಆಫ್ರಿಕಾದ ಮೀನು ಜಾಸ್ತಿಯಾದರೆ ಕೆರೆಗೋ ತೋಡಿಗೋ ಬಿಡಬೇಡಿ, ಸ್ನೇಹಿತರಿಗೆ ಕೊಡಿ. ಹೊರದೇಶದಿಂದ ಲಕೋಟೆಯಲ್ಲಿ ಮೊಟ್ಟೆ ತರಿಸುವುದೂ ಬೇಡ, ಜೀವಂತ ಮೀನು ತರಲು ಸರ್ಕಾರದ ಪರವಾನಗಿ ಬೇಕಾಗುತ್ತದೆ.

ಉಳಿದ ಆ ಒಂದು ಮರಿ ಇದೆಯಲ್ಲ, ಅದಕ್ಕೆ ಈಗ ತಿಂಗಳು ದಾಟಿತು. ಮೈಯಲ್ಲಿ ನೀಲಿ, ಬಾಲದಲ್ಲಿ ಕೆಂಪು ಬರುತ್ತಿದ್ದರೆ ಗಂಡು. ಬಣ್ಣ ಬರದೆ ಮಾಸಲಾಗಿಯೇ ಇದ್ದರೆ ಬಹುಶಃ ಹೆಣ್ಣು. ಈ ಸಲದ ಮರಿಗಳು ಹುಟ್ಟಿದರೆ ಅದರ ಜೊತೆ ಬಿಡಬೇಡಿ, ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ನುಂಗಿಬಿಡುತ್ತದೆ. ಆರು ವಾರ ಬೇರೆ ಟ್ಯಾಂಕಿನಲ್ಲಿ ಬೆಳೆಸಿ, ಆಮೇಲೆ ಸೇರಿಸಿ. ಟ್ಯಾಂಕಿಗೆ ಈಗಲೇ ಒಂದು ಮುಚ್ಚಳ ಹುಡುಕಿಡಿ, ಇವು ಚೆನ್ನಾಗಿ ಹಾರುತ್ತವೆ.